ಮಿಂಚಂಚೆಯಲ್ಲಿ ಹುಡುಕಾಟ

ಮಿಂಚಂಚೆಯಲ್ಲಿ ಹುಡುಕಾಟ ಎಂದರೆ ಮಿಂಚಂಚೆ (ಇ-ಮೇಲ್) ಖಾತೆಯಲ್ಲಿ ಸಂಗ್ರಹವಾಗಿರುವ ಸಂದೇಶಗಳ ಪೈಕಿ ಬೇಕಾದುದನ್ನು ಕಳುಹಿಸಿದವರ ಹೆಸರು, ವಿಷಯ, ದಿನಾಂಕ, ಒಳಪಠ್ಯ, ಲಗತ್ತು ಮೊದಲಾದ ಲಕ್ಷಣಗಳ ಆಧಾರದಿಂದ ಹೊರತೆಗೆಯುವ ವಿಧಾನ. ಪ್ರವೇಶಪತ್ರ, ಶುಲ್ಕದ ರಸೀದಿ, ಪಿಂಚಣಿ ಆದೇಶ, ಪ್ರಯಾಣದ ಟಿಕೆಟ್ ಮುಂತಾದ ದಾಖಲೆಗಳು ಇಂದು ಮಿಂಚಂಚೆಯ ಮೂಲಕವೇ ಬರುತ್ತವೆ. ಅನೇಕ ವೇಳೆ ಅವುಗಳ ಕಾಗದದ ಪ್ರತಿ ಇರುವುದೇ ಇಲ್ಲ. ಆದ್ದರಿಂದ ಬಂದ ಪತ್ರವನ್ನು ಸಕಾಲದಲ್ಲಿ ಹುಡುಕಿ ತೆಗೆಯಲು ಬರುವುದು, ಪತ್ರ ಬರೆಯಲು ಬರುವಷ್ಟೇ ಅಗತ್ಯವಾಗಿದೆ.

ಹಿನ್ನೆಲೆ

೧೯೭೧ರಲ್ಲಿ ಅಮೆರಿಕದ ರೇ ಟಾಮ್ಲಿನ್ಸನ್ ಅವರು ಅರ್ಪಾನೆಟ್ ಜಾಲದಲ್ಲಿ ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಸಂದೇಶ ಕಳುಹಿಸುವ ವ್ಯವಸ್ಥೆಯನ್ನು ರೂಪಿಸಿದರು. ೧೯೮೬ರಲ್ಲಿ ಮಾರ್ಕ್ ಕ್ರಿಸ್ಪಿನ್ ಅವರು ರೂಪಿಸಿದ ಐಮ್ಯಾಪ್ ಎಂಬ ನಿಯಮಾವಳಿಯಿಂದ ಪತ್ರಗಳನ್ನು ಸರ್ವರ್‌ನಲ್ಲಿಯೇ ಉಳಿಸಿಕೊಂಡು ಓದುವುದು ಸಾಧ್ಯವಾಯಿತು. ಇಂದು ಬಳಕೆಯಲ್ಲಿರುವ ಐಮ್ಯಾಪ್‌ನಲ್ಲಿ ಹುಡುಕಾಟಕ್ಕೆಂದೇ ಪ್ರತ್ಯೇಕ ಆದೇಶವಿದೆ.

೧೯೯೬ರಲ್ಲಿ ಆರಂಭವಾದ ಹಾಟ್‌ಮೇಲ್ ಜಾಲತಾಣದ ಮೂಲಕ ಉಚಿತ ಮಿಂಚಂಚೆಯನ್ನು ಜನಪ್ರಿಯಗೊಳಿಸಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಆ ಕಾಲದ ಉಚಿತ ಖಾತೆಗಳಲ್ಲಿ ಕೆಲವೇ ಮೆಗಾಬೈಟ್‌ಗಳಷ್ಟು ಸ್ಥಳವಿದ್ದುದರಿಂದ ಹಳೆಯ ಪತ್ರಗಳನ್ನು ಅಳಿಸುವುದು ಅನಿವಾರ್ಯವಾಗಿತ್ತು. ೨೦೦೪ರ ಏಪ್ರಿಲ್ ೧ರಂದು ಗೂಗಲ್ ಸಂಸ್ಥೆ ೧ ಗಿಗಾಬೈಟ್ ಸ್ಥಳಾವಕಾಶದೊಂದಿಗೆ ಜಿಮೇಲ್ ಸೇವೆಯನ್ನು ಪ್ರಕಟಿಸಿದಾಗ ಈ ಸ್ಥಿತಿ ಬದಲಾಯಿತು. ಪತ್ರಗಳನ್ನು ಅಳಿಸದೆ ಇಟ್ಟುಕೊಂಡು ಬೇಕಾದಾಗ ಹುಡುಕುವ ಪದ್ಧತಿ ರೂಢಿಗೆ ಬಂದಿತು. ಅದೇ ವರ್ಷ ಮೊಝಿಲ್ಲಾದ ಥಂಡರ್‌ಬರ್ಡ್ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ ಬಿಡುಗಡೆಯಾಯಿತು. ೨೦೦೯ರ ಮೂರನೆಯ ಆವೃತ್ತಿಯಲ್ಲಿ ಎಲ್ಲ ಕಡತಕೋಶಗಳನ್ನು ಒಟ್ಟಿಗೆ ಶೋಧಿಸುವ ಸೌಲಭ್ಯವನ್ನು ಅದಕ್ಕೆ ಸೇರಿಸಲಾಯಿತು.

ಕಾರ್ಯವಿಧಾನ

ಸಾವಿರಾರು ಪತ್ರಗಳನ್ನು ಪ್ರತಿ ಸಲವೂ ಮೊದಲಿನಿಂದ ಓದುವುದು ನಿಧಾನದ ಕೆಲಸ. ಆದ್ದರಿಂದ ಹೆಚ್ಚಿನ ಸೇವೆಗಳು ಪದಸೂಚಿಯನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳುತ್ತವೆ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯು ಯಾವ ಪದ ಯಾವ ಪುಟದಲ್ಲಿದೆ ಎಂದು ತಿಳಿಸುವಂತೆ, ಇದು ಯಾವ ಪದ ಯಾವ ಪತ್ರದಲ್ಲಿದೆ ಎಂದು ತಿಳಿಸುತ್ತದೆ. ಸೂಚಿಯಲ್ಲಿ ಸೇರದ ವಿಷಯ ಹುಡುಕಾಟಕ್ಕೆ ಸಿಗುವುದಿಲ್ಲ. ಗಣಕಯಂತ್ರಕ್ಕೆ ಅಥವಾ ಮೊಬೈಲ್‌ಗೆ ಇನ್ನೂ ಇಳಿಯದ ಹಳೆಯ ಪತ್ರಗಳು ಕೆಲವು ತಂತ್ರಾಂಶಗಳಲ್ಲಿ ಕಾಣದಿರಲು ಇದೇ ಕಾರಣ. ಅಂತಹ ಸಂದರ್ಭದಲ್ಲಿ ಜಾಲತಾಣದ ಮೂಲಕ ಅದೇ ಖಾತೆಯನ್ನು ತೆರೆದು ಹುಡುಕುವುದು ಉತ್ತಮ.

ಸೂಚಕಪದಗಳು

ಬರಿಯ ಪದವೊಂದನ್ನು ಕೊಟ್ಟರೆ ನೂರಾರು ಪತ್ರಗಳು ಬರಬಹುದು. ಫಲಿತಾಂಶವನ್ನು ಕಿರಿದಾಗಿಸಲು ಸೂಚಕಪದಗಳಿವೆ. ಇಲ್ಲಿ ಅವುಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡದಲ್ಲಿ ಕೊಟ್ಟಿದೆ. ಬಳಸುವಾಗ ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪು ಮಾಡಬೇಕು. ಸೂಚಕಪದ ಮತ್ತು ಕೋಲನ್ ಚಿಹ್ನೆಯ ನಂತರ ಸ್ಥಳ ಬಿಡಬಾರದು. ಜಿಮೇಲ್‌ನಲ್ಲಿ ಬಳಕೆಯಲ್ಲಿರುವ ಮುಖ್ಯವಾದವು ಇವು:

* ಫ್ರಮ್: – ಪತ್ರ ಕಳುಹಿಸಿದವರ ಹೆಸರು ಅಥವಾ ವಿಳಾಸ.
* ಟು: – ಪತ್ರ ಪಡೆದವರ ಹೆಸರು ಅಥವಾ ವಿಳಾಸ.
* ಸಬ್ಜೆಕ್ಟ್: – ವಿಷಯದ ಸಾಲಿನಲ್ಲಿರುವ ಪದ.
* ಹ್ಯಾಸ್:ಅಟ್ಯಾಚ್‌ಮೆಂಟ್ – ಲಗತ್ತು ಇರುವ ಪತ್ರಗಳು ಮಾತ್ರ.
* ಫೈಲ್‌ನೇಮ್:ಪಿಡಿಎಫ್ – ಪಿಡಿಎಫ್ ಕಡತ ಲಗತ್ತಾಗಿರುವ ಪತ್ರಗಳು.
* ಆಫ್ಟರ್: ಮತ್ತು ಬಿಫೋರ್: – ಒಂದು ದಿನಾಂಕದ ನಂತರದ ಅಥವಾ ಮೊದಲಿನ ಪತ್ರಗಳು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಓರೆಗೆರೆ ಹಾಕಿ ಬರೆಯಬೇಕು.
* ಲಾರ್ಜರ್: – ನಿರ್ದಿಷ್ಟ ಗಾತ್ರಕ್ಕಿಂತ ದೊಡ್ಡ ಪತ್ರಗಳು, ಖಾತೆ ತುಂಬಿದಾಗ ಉಪಯುಕ್ತ.

ಉದ್ಧರಣ ಚಿಹ್ನೆಗಳ ನಡುವೆ ಬರೆದ ಪದಗಳು ಅದೇ ಕ್ರಮದಲ್ಲಿರುವ ಪತ್ರಗಳನ್ನು ಕೊಡುತ್ತವೆ. ಪದದ ಹಿಂದೆ ಅಡ್ಡಗೆರೆ ಇಟ್ಟರೆ ಆ ಪದವಿರುವ ಪತ್ರಗಳು ಬಿಟ್ಟುಹೋಗುತ್ತವೆ. ಎರಡು ಪದಗಳ ನಡುವೆ ದೊಡ್ಡಕ್ಷರಗಳಲ್ಲಿ ಆರ್ (ಅಥವಾ) ಎಂದು ಬರೆದರೆ ಅವುಗಳಲ್ಲಿ ಯಾವುದಾದರೊಂದು ಇರುವ ಪತ್ರಗಳು ದೊರೆಯುತ್ತವೆ.

ಉದಾಹರಣೆಗೆ, ೨೦೨೩ರ ಜೂನ್ ತಿಂಗಳಲ್ಲಿ ಕಾಲೇಜು ಕಳುಹಿಸಿದ ಶುಲ್ಕದ ರಸೀದಿ ವಿದ್ಯಾರ್ಥಿಯೊಬ್ಬನಿಗೆ ಬೇಕಾಗಿದೆ. ವಿಷಯದ ಸಾಲು ಅವನಿಗೆ ನೆನಪಿಲ್ಲ. ಆಗ ಆಫ್ಟರ್:೨೦೨೩/೦೫/೨೫, ಬಿಫೋರ್:೨೦೨೩/೦೭/೦೫, ಫೈಲ್‌ನೇಮ್:ಪಿಡಿಎಫ್ ಎಂಬ ಮೂರನ್ನು ಅಲ್ಪವಿರಾಮವಿಲ್ಲದೆ, ನಡುವೆ ಒಂದೊಂದು ಸ್ಥಳ ಬಿಟ್ಟು, ಅಂಕಿಗಳನ್ನು ಇಂಗ್ಲಿಷ್‌ನಲ್ಲಿ ಬರೆದರೆ ಸಾಕು. ನೆನಪು ಅಸ್ಪಷ್ಟವಾಗಿರುವಾಗ ದಿನಾಂಕದ ವ್ಯಾಪ್ತಿಯನ್ನು ಹೀಗೆ ಸ್ವಲ್ಪ ಹಿಗ್ಗಿಸಿಕೊಳ್ಳಬೇಕು. ಸೂಚಕಪದಗಳು ನೆನಪಿರದಿದ್ದರೆ ಹುಡುಕಾಟದ ಪಟ್ಟಿಯ ಪಕ್ಕದ ಗುರುತನ್ನು ಒತ್ತಿ, ತೆರೆಯುವ ನಮೂನೆಯನ್ನು ತುಂಬಬಹುದು.

ಕನ್ನಡ ಪಠ್ಯದ ಹುಡುಕಾಟ

ಕನ್ನಡದಲ್ಲಿ ಹುಡುಕುವಾಗ ಕೆಲವು ವಿಶೇಷ ತೊಡಕುಗಳು ಎದುರಾಗುತ್ತವೆ. ಮೊದಲನೆಯದು ವಿಭಕ್ತಿಪ್ರತ್ಯಯ. ಪತ್ರದಲ್ಲಿ "ಮೈಸೂರಿಗೆ" ಅಥವಾ "ಮೈಸೂರಿನಲ್ಲಿ" ಎಂದಿದ್ದರೆ, ಪೂರ್ಣಪದವನ್ನು ಹೋಲಿಸುವ ವ್ಯವಸ್ಥೆಗೆ "ಮೈಸೂರು" ಎಂಬ ಹುಡುಕಾಟದಿಂದ ಅದು ಸಿಗದಿರಬಹುದು. ಆಗ ಪದದ ಬೇರೆ ಬೇರೆ ರೂಪಗಳನ್ನು ಕೊಟ್ಟು ನೋಡಬೇಕು. ಪದದ ಭಾಗವನ್ನೂ ಹೋಲಿಸುವ ವ್ಯವಸ್ಥೆಯಾದರೆ "ಮೈಸೂರ" ಎಂದಷ್ಟೇ ಬರೆದರೆ ಸಾಕಾಗುತ್ತದೆ.

ಎರಡನೆಯದು ಲಿಪಿಸಂಕೇತ. ಯೂನಿಕೋಡ್ ಬಳಕೆಗೆ ಬರುವ ಮೊದಲು ಅನೇಕರು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕೃತಿ ತೊಡಿಸಿದ ಫಾಂಟ್‌ಗಳಲ್ಲಿ ಬರೆಯುತ್ತಿದ್ದರು. ಅಂತಹ ಪಠ್ಯವು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಯಂತ್ರಕ್ಕೆ ಕನ್ನಡವಲ್ಲ. ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿಯೂ "ರಾಜ್‌ಕುಮಾರ್" ಎಂದು ಬಿಡಿಸಿ ಬರೆದ ಹೆಸರಿನ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಇರುತ್ತದೆ. "ರಾಜ್ಕುಮಾರ್" ಎಂದು ಒತ್ತಕ್ಷರವಾಗಿ ಬರೆದದ್ದು ಅದಕ್ಕೆ ಹೊಂದಿಕೆಯಾಗದಿರಬಹುದು. ಇಂತಹ ಸಂದರ್ಭಗಳಲ್ಲಿ ಪದಕ್ಕಿಂತ ಕಳುಹಿಸಿದವರ ವಿಳಾಸ ಮತ್ತು ದಿನಾಂಕಗಳೇ ಹೆಚ್ಚು ವಿಶ್ವಾಸಾರ್ಹ.

ಮಿತಿಗಳು ಮತ್ತು ಎಚ್ಚರಿಕೆ

ಹುಡುಕಾಟದಲ್ಲಿ ಪತ್ರ ಸಿಗದಿದ್ದ ಮಾತ್ರಕ್ಕೆ ಅದು ಬಂದೇ ಇಲ್ಲವೆಂದು ತೀರ್ಮಾನಿಸಬಾರದು. ಜಿಮೇಲ್‌ನ ಸಾಮಾನ್ಯ ಹುಡುಕಾಟವು ಸ್ಪ್ಯಾಮ್ ಮತ್ತು ಕಸದಬುಟ್ಟಿಯನ್ನು ಒಳಗೊಳ್ಳುವುದಿಲ್ಲ. ಅವುಗಳನ್ನೂ ಸೇರಿಸಲು ಇನ್:ಎನಿವೇರ್ ಎಂದು ಬರೆಯಬೇಕು. ಇವೆರಡರಲ್ಲಿರುವ ಪತ್ರಗಳು ೩೦ ದಿನಗಳ ನಂತರ ತಾವಾಗಿಯೇ ಶಾಶ್ವತವಾಗಿ ಅಳಿಸಿಹೋಗುತ್ತವೆ. ನಿರೀಕ್ಷಿಸಿದ ಪತ್ರ ಕಾಣದಿದ್ದಾಗ ಈ ಅವಧಿ ಮುಗಿಯುವ ಮೊದಲೇ ಅಲ್ಲಿ ನೋಡುವುದು ಅವಶ್ಯ. ಸಂದರ್ಶನದ ಕರೆಯಾಗಲಿ ಪ್ರವೇಶದ ಸೂಚನೆಯಾಗಲಿ ತಪ್ಪಿ ಸ್ಪ್ಯಾಮ್ ಸೇರಿರುವ ಸಾಧ್ಯತೆ ಇದ್ದೇ ಇರುತ್ತದೆ.

ಛಾಯಾಚಿತ್ರದ ರೂಪದಲ್ಲಿ ಕಳುಹಿಸಿದ ದಾಖಲೆಯೊಳಗಿನ ಅಕ್ಷರಗಳು ಎಲ್ಲ ಸೇವೆಗಳಲ್ಲಿಯೂ ಹುಡುಕಾಟಕ್ಕೆ ಸಿಗುವುದಿಲ್ಲ. ಆದ್ದರಿಂದ ಮುಖ್ಯ ದಾಖಲೆಗಳನ್ನು ಕಳುಹಿಸುವವರು ವಿಷಯದ ಸಾಲಿನಲ್ಲಿ ದಾಖಲೆಯ ಹೆಸರು ಮತ್ತು ವರ್ಷವನ್ನು ಸ್ಪಷ್ಟವಾಗಿ ಬರೆಯುವುದು ಒಳ್ಳೆಯ ಕ್ರಮ. ವಿಷಯದ ಸಾಲನ್ನು ಖಾಲಿ ಬಿಟ್ಟ ಪತ್ರ ಕೆಲವು ವರ್ಷಗಳ ನಂತರ ಕಳುಹಿಸಿದವರಿಗೂ ಪಡೆದವರಿಗೂ ಕೈಗೆಟುಕದೆ ಹೋಗಬಹುದು.