ಡಾಲಂಬೇರನೂ ಎಡವಿದ ಲೆಕ್ಕ

ನಾಣ್ಯವೊಂದನ್ನು ಎರಡು ಬಾರಿ ಚಿಮ್ಮಿದರೆ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ ಎಷ್ಟು? ಹೈಸ್ಕೂಲಿನಲ್ಲಿ ಓದುವ ಅಣ್ಣನ ಮಗಳು 2/3 ಎಂದು ಬರೆದು, ಬೈಸಿಕೊಂಡು, “ಲೆಕ್ಕ ನನಗೆ ಹತ್ತುವುದಿಲ್ಲ, ಚಿಕ್ಕಪ್ಪ” ಎಂದು ಕಣ್ಣೊರೆಸಿಕೊಂಡಳು.

ಫ್ರಾನ್ಸಿನ ಮಹಾಗಣಿತಜ್ಞ ಡಾಲಂಬೇರನೂ 1754ರಲ್ಲಿ ವಿಶ್ವಕೋಶದ ಲೇಖನವೊಂದರಲ್ಲಿ ಇದೇ ಉತ್ತರದತ್ತ ವಾಲಿದ್ದನು! ಮೊದಲೇ ಶಿರ ಬಿದ್ದರೆ ಆಟ ಮುಗಿಯಿತು. ಇಲ್ಲವಾದರೆ ಎರಡನೆಯ ಬಾರಿ ಶಿರ ಇಲ್ಲವೆ ಪುಚ್ಛ. ಮೂರರಲ್ಲಿ ಎರಡು ಅನುಕೂಲವೆಂಬುದು ಅವನ ವಾದ.

ಆದರೆ ಆ ಮೂರೂ ಸಮತೂಕದವಲ್ಲ. ಮೊದಲೇ ಶಿರ ಬೀಳುವ ಸಂಭವ 1/2. ಮೊದಲು ಪುಚ್ಛ, ಅನಂತರ ಶಿರ: 1/2 × 1/2 = 1/4. ಕೂಡಿದರೆ 3/4. ಎರಡೂ ಬಾರಿ ಪುಚ್ಛವಾಗುವ 1/4ನ್ನು 1ರಿಂದ ಕಳೆದರೂ ಅಷ್ಟೇ.

ಹಂತಹಂತವಾಗಿ ಬರೆದಾಗ ಹುಡುಗಿ ತನ್ನ ತಪ್ಪನ್ನು ತಾನೇ ಕಂಡುಕೊಂಡಳು. ತಂದೆತಾಯಿಗಳೇ, ಉತ್ತರವನ್ನು ಕಂಡು ಸಿಡುಕುವ ಮುನ್ನ ಹಂತಗಳನ್ನೊಮ್ಮೆ ಓದಿರಿ.