ಊರಿಗೂ ಉದ್ದಿಮೆಗೂ ಗಾಳಿ ಒಂದೇ

ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯು ಕಲ್ಲಿನ ನಾಡು. ಮಧುಗಿರಿಯ ಏಕಶಿಲಾ ಬೆಟ್ಟವು ಏಷ್ಯಾ ಖಂಡದ ಬೃಹತ್ ಏಕಶಿಲೆಗಳಲ್ಲಿ ಒಂದೆಂದು ಹೆಸರಾಗಿದೆ. ಕೋಟೆ ಕಟ್ಟಿದ ಪಾಳೆಯಗಾರರಿಗೂ, ಗುಡಿ ಕಟ್ಟಿದ ಶಿಲ್ಪಿಗಳಿಗೂ, ಕೆರೆಗೆ ಏರಿ ಹಾಕಿದ ರೈತರಿಗೂ ಈ ಕಲ್ಲೇ ಆಸರೆಯಾಗಿತ್ತು. ಇಂದು ಅದೇ ಕಲ್ಲು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ನಗರಗಳ ಕಡೆಗೆ ಸಾಗುತ್ತದೆ. ಕಲ್ಲಿದ್ದೆಡೆ ಕ್ವಾರಿ, ಕ್ವಾರಿಯಿದ್ದೆಡೆ ಕ್ರಷರು, ಕ್ರಷರಿದ್ದೆಡೆ ಧೂಳು. ಇದು ಕೊಡಿಗೇನಹಳ್ಳಿಯಂತಹ ಹೋಬಳಿಯ ಜನರು ಅರಿತು ಯೋಚಿಸಬೇಕಾದ ವಿಷಯವೆಂದು ಭಾವಿಸಿ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಕೈಗಾರಿಕೆಯೇ ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ದುಡಿಮೆಯನ್ನು ಕಾಯಕವೆಂದು ಗೌರವಿಸಿದ ಪರಂಪರೆ ನಮ್ಮದು. ಆದರೆ ಒಬ್ಬನ ಕಾಯಕವು ನೆರೆಯವನ ಉಸಿರಿಗೆ ಎರವಾಗಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ ಎಂಬುದೇ ಪ್ರಶ್ನೆ.

ಧೂಳಿನ ಸ್ವರೂಪ

ಕಣ್ಣಿಗೆ ಕಾಣುವ ಧೂಳು ಬಟ್ಟೆಯನ್ನೂ ಬೆಳೆಯನ್ನೂ ಕೆಡಿಸುತ್ತದೆ. ಕಣ್ಣಿಗೆ ಕಾಣದ ಧೂಳು ಮನುಷ್ಯನನ್ನೇ ಕೆಡಿಸುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ಚಿಕ್ಕ ಕಣಗಳು ಮೂಗಿನ ಕಾವಲನ್ನು ದಾಟಿ ಒಳಗೆ ಇಳಿಯುತ್ತವೆ. ಇನ್ನೂ ಸೂಕ್ಷ್ಮವಾದವು ಶ್ವಾಸಕೋಶದ ಆಳವನ್ನು ಮುಟ್ಟುತ್ತವೆ. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ, ಅಂದರೆ ಸಿಲಿಕಾ, ಹೇರಳವಾಗಿರುತ್ತದೆ. ವರ್ಷಗಟ್ಟಲೆ ಈ ಪುಡಿಯನ್ನು ಉಸಿರಾಡಿದವರ ಶ್ವಾಸಕೋಶವು ಗಡುಸಾಗಿ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಅದನ್ನು ಪೂರ್ಣವಾಗಿ ಗುಣಪಡಿಸುವ ಮದ್ದಿಲ್ಲ. ಅದು ಬಂದವರಿಗೆ ಕ್ಷಯವೂ ಬೇಗ ಅಂಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿಯೇ ಈ ಸಿಲಿಕಾ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಮೊದಲು ಇದಕ್ಕೆ ಬಲಿಯಾಗುವವನು ಕ್ರಷರಿನಲ್ಲಿ ದುಡಿಯುವ ಕೂಲಿಕಾರನೇ ಎಂಬುದನ್ನು ಮರೆಯಬಾರದು. ಅವನೂ ನಮ್ಮ ಊರಿನವನೇ.

ಬೆಳೆಯ ಮಾತೂ ಇದೆ. ಎಲೆಯ ಮೇಲೆ ಧೂಳು ಕುಳಿತರೆ ಬಿಸಿಲು ತಾಗುವುದು ಕಡಿಮೆಯಾಗಿ ಗಿಡ ಸೊರಗುತ್ತದೆ. ಹಿಪ್ಪುನೇರಳೆಯ ಸೊಪ್ಪಿಗೆ ಧೂಳು ಮೆತ್ತಿದರೆ ರೇಷ್ಮೆಹುಳುವಿಗೆ ಒಗ್ಗುವುದಿಲ್ಲ. ಕೊಡಿಗೇನಹಳ್ಳಿಯ ನೆರೆಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಾದ ಜಯಮಂಗಲಿ ಸಂರಕ್ಷಿತ ಪ್ರದೇಶವಿದೆ. ಅಲ್ಲಿಯ ಹುಲ್ಲಿಗೂ ಇದೇ ಗಾಳಿ.

ನಿಯಮ ಏನು ಹೇಳುತ್ತದೆ

ವಾಯುಮಾಲಿನ್ಯ ತಡೆ ಕಾಯ್ದೆ 1981ರಿಂದಲೂ ಇದೆ. 2009ರ ರಾಷ್ಟ್ರೀಯ ಮಾನದಂಡದಂತೆ ಹತ್ತು ಮೈಕ್ರಾನ್‌ವರೆಗಿನ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೊಗ್ರಾಮನ್ನೂ, ವರ್ಷದ ಸರಾಸರಿ 60 ಮೈಕ್ರೊಗ್ರಾಮನ್ನೂ ಮೀರಬಾರದು. ಕಲ್ಲುಪುಡಿ ಘಟಕಗಳಿಗೆ ಐದು ವಿಧಿಗಳಿವೆ: ಯಂತ್ರಗಳಿಗೆ ಧೂಳು ತಡೆಯುವ ಮುಚ್ಚಳ ಮತ್ತು ನೀರು ಸಿಂಪಡಿಸುವ ವ್ಯವಸ್ಥೆ, ಗಾಳಿ ತಡೆಯುವ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ನೆಲವನ್ನು ದಿನವೂ ಗುಡಿಸಿ ನೀರು ಹಾಕುವುದು, ಸುತ್ತಲೂ ಮರಗಳ ಹಸಿರು ಪಟ್ಟಿ. ಇವುಗಳಲ್ಲಿ ಯಾವುದಕ್ಕೂ ವಿದೇಶದ ಯಂತ್ರ ಬೇಕಿಲ್ಲ. ನಮ್ಮ ರಾಜ್ಯವು 2011ರಲ್ಲಿ ಕ್ರಷರುಗಳಿಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿ, ಅವು ಸುರಕ್ಷಿತ ವಲಯದಲ್ಲಿ ಮಾತ್ರ ನಡೆಯಬೇಕೆಂದು ವಿಧಿಸಿತು.

ಮಾತುಕತೆ ಇಲ್ಲದಿದ್ದರೆ

ನಿಯಮವನ್ನು ಮೀರಿ, ನೆರೆಯವರ ಮಾತನ್ನು ಕೇಳದೆ ನಡೆದರೆ ಏನಾಗುವುದೆಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಅಕ್ರಮ ಗಣಿಗಾರಿಕೆ ಮತ್ತು ಪರಿಸರ ಹಾನಿಯ ಕಾರಣದಿಂದ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈನಲ್ಲಿ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ಆ ಆಜ್ಞೆ ವಿಸ್ತರಿಸಿತು. ತಪ್ಪು ಮಾಡಿದವರ ಜೊತೆಗೆ ನಿಷ್ಪಾಪಿ ಕೂಲಿಕಾರರ, ಲಾರಿ ಚಾಲಕರ ಅನ್ನಕ್ಕೂ ಕಲ್ಲು ಬಿದ್ದಿತು. 2013ರ ಏಪ್ರಿಲ್‌ನಲ್ಲಿ ಗಣಿಗಳಿಗೆ ಮರಳಿ ಅನುಮತಿ ದೊರೆತಾಗ, ಕೆಡಿಸಿದ ನೆಲವನ್ನು ಸರಿಪಡಿಸುವ ಷರತ್ತು ಬೆನ್ನಿಗೇ ಬಂದಿತು. ಮೊದಲೇ ಮಾಡಬಹುದಾಗಿದ್ದ ಕೆಲಸವನ್ನು ದಂಡ ತೆತ್ತು ಮಾಡಬೇಕಾಯಿತು.

ಕೊಪ್ಪಳದ ಸಂಗತಿ ಇನ್ನೂ ಈಚಿನದು. ಅಲ್ಲಿ ಕಾರ್ಖಾನೆಗಳ ಹೊಗೆ ಮತ್ತು ಕರಿ ಧೂಳಿನಿಂದ ಸುತ್ತಲ ಹಳ್ಳಿಗಳು ಬಹುಕಾಲ ಬಳಲಿವೆ. ಪಟ್ಟಣಕ್ಕೆ ಅಂಟಿದಂತೆ ಬಲ್ದೋಟ ಸಮೂಹದ ಬೃಹತ್ ಉಕ್ಕಿನ ಕಾರ್ಖಾನೆ ಬರುವುದೆಂದು ತಿಳಿದಾಗ ಜನರ ಸಹನೆ ಮೀರಿತು. 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರೇ ಜನರೊಂದಿಗೆ ಬೀದಿಗಿಳಿದರು. ಮುಂದಿನ ತಿಂಗಳ ಮೊದಲ ವಾರದಲ್ಲಿ ಮುಖ್ಯಮಂತ್ರಿಯವರು ಕಾಮಗಾರಿ ನಿಲ್ಲಿಸುವಂತೆ ಸೂಚಿಸಿದರು. ಅನ್ನದಾಸೋಹ, ವಿದ್ಯಾದಾಸೋಹ ನಡೆಸುವ ಮಠವು ಉಸಿರಿನ ಪ್ರಶ್ನೆಯನ್ನೂ ತನ್ನ ಹೊಣೆಯೆಂದು ಭಾವಿಸಿದ್ದು ನಾವು ಗಮನಿಸಬೇಕಾದ ಅಂಶ. ಆದರೆ ಬೀದಿಗಿಳಿಯುವ ಹಂತ ಬರುವ ಮೊದಲೇ ಊರೂ ಉದ್ದಿಮೆಯೂ ಎದುರುಬದುರು ಕುಳಿತು ಮಾತನಾಡುವುದು ಲೇಸು.

ಜಪಾನಿನ ತಾಯಂದಿರು

ಹಾಗೆ ಕುಳಿತು ಮಾತನಾಡಿ ಗೆದ್ದವರ ಕಥೆಯೊಂದಿದೆ. ಜಪಾನಿನ ಕಿಟಾಕ್ಯೂಷು 1901ರಿಂದ ಉಕ್ಕಿನ ಊರು. ಅಲ್ಲಿಯ ಟೊಬಾಟಾ ಭಾಗದ ಗೃಹಿಣಿಯರಿಗೆ ಒಗೆದು ಹರವಿದ ಬಟ್ಟೆ ಕಪ್ಪಾಗುವುದೇ ದಿನದ ಸಂಕಟ. ಅವರ ಪತಿಯರಲ್ಲಿ ಅನೇಕರು ಅದೇ ಕಾರ್ಖಾನೆಗಳ ನೌಕರರು. ಹಾಗಾಗಿ ಕೂಗಾಡುವಂತಿರಲಿಲ್ಲ, ಸುಮ್ಮನಿರುವಂತೆಯೂ ಇರಲಿಲ್ಲ. 1950ರ ದಶಕದ ಆರಂಭದಲ್ಲಿ ಅವರು ಬಿಳಿ ಬಟ್ಟೆಗಳನ್ನು ಹಲವೆಡೆ ತೂಗುಹಾಕಿ, ಧೂಳು ಎಲ್ಲಿ ಎಷ್ಟು ಬೀಳುವುದೆಂದು ಪರೀಕ್ಷಿಸಿ, ಆ ಸಾಕ್ಷ್ಯವನ್ನು ನಗರಸಭೆಯ ಮುಂದಿಟ್ಟರು. ವಿದ್ಯುತ್ ಸ್ಥಾವರವು ಧೂಳು ಹಿಡಿಯುವ ಯಂತ್ರವನ್ನು ಅಳವಡಿಸಿತು. ಮುಂದೆ ಪಂಡಿತರ ನೆರವಿನಿಂದ ಶಾಲೆಗೆ ಗೈರುಹಾಜರಾಗುವ ಮಕ್ಕಳ ಲೆಕ್ಕವನ್ನೂ ತೆಗೆದರು. 1965ರಲ್ಲಿ ‘ನಮಗೆ ನೀಲಿ ಆಕಾಶ ಬೇಕು’ ಎಂಬ ಅರ್ಥದ ಹೆಸರಿನ ಚಿತ್ರವನ್ನು ತಾವೇ ತಯಾರಿಸಿದರು. ಕಂಪನಿಗಳೂ ನಗರಾಡಳಿತವೂ ಮಾಲಿನ್ಯ ತಡೆಯ ಒಪ್ಪಂದಗಳಿಗೆ ಸಹಿ ಹಾಕಿದವು. 1990ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಆ ನಗರವನ್ನು ಗೌರವಿಸಿತು. ಕಾರ್ಖಾನೆಗಳು ಮುಚ್ಚಲಿಲ್ಲ; ಆಕಾಶ ತಿಳಿಯಾಯಿತು.

ನಾವು ಮಾಡಬಹುದಾದದ್ದು

ಇದರಿಂದ ಕಲಿಯಬೇಕಾದದ್ದು ಒಂದು: ದೂರಿಗಿಂತ ದಾಖಲೆಗೆ ಬಲ ಹೆಚ್ಚು. ಯಾವ ದಿನ, ಯಾವ ಹೊತ್ತು, ಗಾಳಿ ಯಾವ ಕಡೆಯದು, ಯಾರ ಹೊಲಕ್ಕೆ ಧೂಳು ಬಿತ್ತು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಊರಿನ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳೇ ವಹಿಸಿಕೊಳ್ಳಬಹುದು. ಗ್ರಾಮಸಭೆಗೆ ಘಟಕದ ಮಾಲೀಕರನ್ನು ಅತಿಥಿಗಳಂತೆ ಕರೆದು ಕೂರಿಸಿ, ಆ ಬರಹವನ್ನು ಓದಿ ಹೇಳಬಹುದು. ಮಾಲೀಕರೂ ಇದನ್ನು ಅವಮಾನವೆಂದು ತಿಳಿಯಬಾರದು. ಲಾರಿಗೆ ಟಾರ್ಪಾಲು ಹೊದಿಸುವುದು, ಊರ ಮುಂದಿನ ರಸ್ತೆಗೆ ಬೆಳಗ್ಗೆ ಸಂಜೆ ನೀರು ಹಾಕಿಸುವುದು, ಕುಳಿ ಕೊರೆಯುವಾಗ ನೀರು ಬಳಸುವುದು, ಶಾಲೆಯ ಹೊತ್ತಿನಲ್ಲಿ ಲಾರಿಗಳನ್ನು ತಡೆಯುವುದು, ಕೂಲಿಕಾರರಿಗೆ ಮುಖಗವಸು ಕೊಟ್ಟು ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸುವುದು, ಇವೆಲ್ಲ ಒಂದು ಲಾರಿ ರಿಪೇರಿಯಷ್ಟು ದುಬಾರಿಯಲ್ಲ. ಕುಡಿಯುವ ನೀರಿಗೇ ಪರದಾಡುವ ಈ ಸೀಮೆಯಲ್ಲಿ ಸಿಂಪಡಿಸಿದ ನೀರನ್ನು ತೊಟ್ಟಿಯಲ್ಲಿ ತಿಳಿಗೊಳಿಸಿ ಮರಳಿ ಬಳಸಬೇಕು. ಹಸಿರು ಪಟ್ಟಿಗೆ ಹೊಂಗೆ, ಬೇವು, ಹುಣಸೆಗಳೇ ಸಾಕು; ಅವು ನಮ್ಮ ನೆಲಕ್ಕೆ ಒಗ್ಗಿದ ಮರಗಳು.

ಇಷ್ಟಾದರೂ ಕೇಳದವರಿದ್ದರೆ ತುಮಕೂರಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಜಿಲ್ಲಾಧಿಕಾರಿಗಳಿಗೂ ಲಿಖಿತ ಅರ್ಜಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಕೈಯಲ್ಲಿ ದಾಖಲೆ ಇದ್ದರೆ ಆ ಅರ್ಜಿಗೆ ತೂಕ ಬರುತ್ತದೆ.

ಬೆಟ್ಟವನ್ನು ನಮ್ಮ ಹಿರಿಯರು ನಮಗೆ ಬಿಟ್ಟುಹೋದರು. ಅದನ್ನು ಪುಡಿಮಾಡಿ ಮಾರುವ ಅಧಿಕಾರ ಇಂದು ಕೆಲವರಿಗೆ ದೊರೆತಿದೆ. ಗಾಳಿಯನ್ನು ಕೆಡಿಸುವ ಅಧಿಕಾರ ಮಾತ್ರ ಯಾರಿಗೂ ದೊರೆತಿಲ್ಲ. ಮಾಲೀಕನ ಮಗುವೂ ಕೂಲಿಕಾರನ ಮಗುವೂ ಉಸಿರಾಡುವುದು ಅದನ್ನೇ. ಇದನ್ನು ಎರಡೂ ಕಡೆಯವರು ನೆನಪಿನಲ್ಲಿಟ್ಟು ನಡೆದರೆ ಊರಿಗೂ ಉದ್ದಿಮೆಗೂ ಶ್ರೇಯಸ್ಸು.