ಸಾವಿರ ಹಾಳೆ, 48 ಕೈ

1943ರ ಮೇ 16ರ ರಾತ್ರಿ ಇಂಗ್ಲೆಂಡಿನ ಸ್ಕ್ಯಾಂಪ್ಟನ್ ವಾಯುನೆಲೆಯಿಂದ 19 ಲ್ಯಾಂಕಾಸ್ಟರ್ ವಿಮಾನಗಳು ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟವು. ಅವುಗಳಲ್ಲಿದ್ದವರು 133 ಮಂದಿ. 8 ವಿಮಾನಗಳು ಮರಳಲಿಲ್ಲ. 53 ಜನ ಸತ್ತರು, 3 ಜನ ಸೆರೆಸಿಕ್ಕರು. ಬದುಕಿದ 80 ಮಂದಿಯಲ್ಲಿ 32 ಜನ ಯುದ್ಧ ಮುಗಿಯುವುದರೊಳಗೆ ತೀರಿಕೊಂಡರು. ಉಳಿದವರು 48.

ಯುದ್ಧವಿಮಾನಗಳ ವರ್ಣಚಿತ್ರಗಳನ್ನು ಸೀಮಿತ ಪ್ರತಿಗಳಲ್ಲಿ ಅಚ್ಚು ಹಾಕಿ, ಅವುಗಳಿಗೆ ಅಂದಿನ ಯೋಧರಿಂದಲೇ ಸಹಿ ಹಾಕಿಸಿ ಮಾರುವ ವ್ಯಾಪಾರ ಬ್ರಿಟನ್‌ನಲ್ಲಿ ಕುದುರಿದ್ದು 1970ರ ದಶಕದ ಕೊನೆಯ ಹೊತ್ತಿಗೆ. ಬಾತ್ ನಗರದ ಮಿಲಿಟರಿ ಗ್ಯಾಲರಿ, ಅದರ ಕಲಾವಿದ ರಾಬರ್ಟ್ ಟೇಲರ್ ಇದರಲ್ಲಿ ದೊಡ್ಡ ಹೆಸರು. ಅಷ್ಟರಲ್ಲಿ ಆ 48 ಕೂಡ ಕರಗತೊಡಗಿತ್ತು. ಹಾಗಾಗಿ ಸಂಗ್ರಾಹಕರು ಲೆಕ್ಕ ಹಾಕಬೇಕಾದದ್ದು ಹಾಳೆಗಳನ್ನಲ್ಲ, ಸಹಿ ಹಾಕಿದ ಕೈಗಳನ್ನು.

ಹಾಳೆಗಳ ಲೆಕ್ಕ ಹೊರಗೆ ಕಾಣುವಷ್ಟು ನೇರವೂ ಅಲ್ಲ. ಅಂಚಿನಲ್ಲಿ 312/1000 ಎಂದಿದ್ದರೆ ಒಟ್ಟು ಸಾವಿರ ಎಂದುಕೊಳ್ಳುತ್ತೇವೆ. ಆದರೆ ಕಲಾವಿದರ ಪ್ರತಿಗಳಿಗೆ ಬೇರೆಯೇ ಎಣಿಕೆ, ರೂಢಿಯಂತೆ ಶೇ. 10 ಹಿಡಿದರೆ 100 ಹೆಚ್ಚು. ಪ್ರಕಾಶಕರ ಪ್ರತಿ, ಅಂಚಿನಲ್ಲಿ ಪೆನ್ಸಿಲ್ ರೇಖಾಚಿತ್ರ ಬಿಡಿಸಿದ ಪ್ರತಿ, ಕ್ಯಾನ್ವಾಸ್ ಪ್ರತಿ ಇದ್ದರೆ ಅವೂ ಬೇರೆ. ಇನ್ನು 1/1000ಕ್ಕೆ ಹೆಚ್ಚು ಹಣ ಕೇಳುವವರಿದ್ದಾರೆ. ತಾಮ್ರದ ತಗಡಿನ ಎಚಿಂಗ್‌ನಲ್ಲಿ ಗೆರೆ ಸವೆಯುವುದರಿಂದ ಮೊದಲ ಪ್ರತಿಗಳು ಸ್ಫುಟವಾಗಿರುತ್ತಿದ್ದವು. ಈ ಚಿತ್ರಗಳು ಅಚ್ಚಾಗುವ ಆಫ್‌ಸೆಟ್‌ನಲ್ಲಿ ಸಾವಿರ ಪ್ರತಿ ಏನೂ ಅಲ್ಲ. ಮೊದಲನೆಯದೂ ಕೊನೆಯದೂ ಒಂದೇ. ಆ ಹೆಚ್ಚುವರಿ ಹಣ ದಂಡ.

ಆಫ್‌ಸೆಟ್ ಪ್ರತಿ ಮೂಲ ಕಲಾಕೃತಿಯಲ್ಲ ಎಂಬುದನ್ನು ಸುಂಕದವರೂ ಒಪ್ಪುತ್ತಾರೆ. ಭಾರತವೂ ಅನುಸರಿಸುವ ಅಂತರರಾಷ್ಟ್ರೀಯ ಸುಂಕಪಟ್ಟಿಯಲ್ಲಿ 9702ನೇ ಶೀರ್ಷಿಕೆ ಮೂಲ ಮುದ್ರಣಕಲೆಯದು. ಯಂತ್ರದಿಂದ ಅಥವಾ ಫೋಟೊ ವಿಧಾನದಿಂದ ಅಚ್ಚಾದದ್ದಕ್ಕೆ ಅಲ್ಲಿ ಜಾಗವಿಲ್ಲ. ಬೆಂಗಳೂರಿಗೆ ತರಿಸಿಕೊಳ್ಳುವವರು ಇದನ್ನು ನೆನಪಿಡಬೇಕು: ಸಹಿ ಎಷ್ಟೇ ದೊಡ್ಡವರದಾಗಿರಲಿ, ಆಫ್‌ಸೆಟ್ ಚಿತ್ರ ಅಚ್ಚಿನ ಹಾಳೆಯೇ.

ಹಾಗಾದರೆ ಬೆಲೆ ಎಲ್ಲಿದೆ? ಕೆಳ ಅಂಚಿನ ಎರಡು ಬೆರಳಗಲದ ಬಿಳಿ ಪಟ್ಟಿಯಲ್ಲಿ. ಭೂತಗನ್ನಡಿ ಹಿಡಿದರೆ ಚಿತ್ರವೆಲ್ಲ ನಾಲ್ಕು ಬಣ್ಣದ ಚುಕ್ಕೆಗಳಾಗಿ ಒಡೆಯುತ್ತದೆ. ಚಿತ್ರದೊಳಗಿನ ಕಲಾವಿದನ ಹೆಸರೂ ಚುಕ್ಕೆಯೇ. ಅಂಚಿನ ಪೆನ್ಸಿಲ್ ಸಹಿಯಲ್ಲಿ ಚುಕ್ಕೆಯಿಲ್ಲ. ಓರೆ ಬೆಳಕಿಗೆ ಸೀಸ ಹೊಳೆಯುತ್ತದೆ, ಒತ್ತಿ ಬರೆದ ಕಡೆ ಕಾಗದ ಸಣ್ಣಗೆ ತಗ್ಗಾಗಿರುತ್ತದೆ. ಒಂದು ಸಹಿಗೆ 10 ಸೆಕೆಂಡ್ ಎಂದರೂ ಸಾವಿರ ಹಾಳೆಗೆ ಎರಡೂಮುಕ್ಕಾಲು ಗಂಟೆ ಬೇಕು. ವಯಸ್ಸಾದ ಕೈಗಳು ಮಾಡಿದ ಕೆಲಸ ಅದು. ನನಗೆ ಚಿತ್ರದಷ್ಟೇ ಆ ದುಡಿಮೆಯೂ ದೊಡ್ಡದು.

ಸುಳ್ಳು ಹಿಡಿಯಲು ತಾರೀಖು ಸಾಕು. ಅಣೆಕಟ್ಟು ದಾಳಿಯ ನಾಯಕ ಗೈ ಗಿಬ್ಸನ್ ಮಡಿದದ್ದು 1944ರ ಸೆಪ್ಟೆಂಬರ್ 19ರಂದು. 1980ರ ದಶಕದ ಚಿತ್ರದೊಂದಿಗೆ ಅವರ ಸಹಿ ಇದ್ದರೆ ಅದು ಬೇರೆ ಕಾಗದದ ತುಣುಕನ್ನು ಚೌಕಟ್ಟಿನಲ್ಲಿ ಕೂಡಿಸಿದ್ದಾಗಿರಬೇಕು, ಇಲ್ಲವೇ ನಕಲಿ. ಅಂದಿನ ಇತರ ಪೈಲಟ್‌ಗಳಲ್ಲಿ ಬ್ರಿಟನ್‌ನ ಡಗ್ಲಸ್ ಬೇಡರ್ ತೀರಿಕೊಂಡದ್ದು 1982ರಲ್ಲಿ, ಲೆನಾರ್ಡ್ ಚೆಶೈರ್ 1992ರಲ್ಲಿ, ಜರ್ಮನಿಯ ಅಡಾಲ್ಫ್ ಗ್ಯಾಲಂಡ್ 1996ರಲ್ಲಿ. ಚಿತ್ರ ಅಚ್ಚಾದ ವರ್ಷವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ.

ಮರುಮಾರಾಟದ ಆಸೆಯಿಂದ ಕೊಳ್ಳುವವರಿಗೆ ಒಂದು ಮಾತು: ಸಾವಿರ ಪ್ರತಿಯ ಸಾಧಾರಣ ಚಿತ್ರ ಕೊಂಡ ಬೆಲೆಯನ್ನೂ ಮರಳಿಸದೇ ಹೋಗಬಹುದು, ಆಮ್ಲರಹಿತ ರಟ್ಟು, ನೇರಳಾತೀತ ಕಿರಣ ತಡೆಯುವ ಗಾಜು ಹಾಕಿಸಿದ ಖರ್ಚಂತೂ ಹಿಂದಿರುಗದು. ಕೊಳ್ಳುವ ಮೊದಲು ಎಲ್ಲ ಬಗೆಯ ಪ್ರತಿಗಳೂ ಸೇರಿ ಒಟ್ಟು ಎಷ್ಟು, ಯಾರ ಸಹಿ ಎಷ್ಟು ಹಾಳೆಯ ಮೇಲಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅಣೆಕಟ್ಟು ದಾಳಿಯವರ ಹೊಸ ಸಹಿಯಂತೂ ಇನ್ನು ಬರದು: ಆ 133 ಮಂದಿಯಲ್ಲಿ ಕೊನೆಯವರಾದ ಜಾನಿ ಜಾನ್ಸನ್ 2022ರ ಡಿಸೆಂಬರ್ 7ರಂದು, 101ನೇ ವಯಸ್ಸಿನಲ್ಲಿ ತೀರಿಕೊಂಡರು.